ಸಿಲೋನಿಗೆ ಹೋದ ಕಂಬಳಿಗಳು

ನನ್ನ ತಮ್ಮ ಸಿಲೋನಿನಲ್ಲಿ ಕಂಬಳಿ ಅಂಗಡಿ ಇಟ್ಟನೆಂಬ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ಹೊಟ್ಟೆ ನೋವು ಎಂದು ಹೇಳಿ ಮಗ್ಗದ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಕಾಗದ ಓದೋ ತನಕ ಚೆನ್ನಾಗೇ ಇದ್ರಲ್ಲ, ಅಷ್ಟರಲ್ಲಿ ಏನಾಯ್ತು ಹೊಟ್ಟೆಗೆ?" ಎಂದಳು. ಶ್ರೀನಿವಾಸಪುರದ ಕಡೆಯವಳು ಅವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ನನ್ನ ಮುಖ ಓದುವುದನ್ನು ಕಲಿತುಬಿಟ್ಟಿದ್ದಳು. "ಹೋಗೇ, ಕೆಲಸ ನೋಡು ಹೋಗು" ಎಂದು ಗದರಿದೆ.

ಅದು ಹೊಟ್ಟೆಕಿಚ್ಚು. ಈಗ ಹಲ್ಲು ಬಿದ್ದ ಮೇಲೆ ಬರೆಯುವುದಕ್ಕೆ ನಾಚಿಕೆ ಏನು? ಆಗ ಮಾತ್ರ ಹಾಗೆಂದು ಒಪ್ಪುತ್ತಿರಲಿಲ್ಲ. ನನಗೆ ಅನ್ಯಾಯವಾಗಿದೆ, ಆ ಅಂಗಡಿ ನನ್ನದು, ಅದರಲ್ಲಿ ಅವನು ಹೋಗಿ ಕೂತಿದ್ದಾನೆ, ಇಷ್ಟೇ ನನ್ನ ತಲೆಯಲ್ಲಿ.

ನನ್ನದು ಹೇಗೆ ಎಂದು ಹೇಳಿಬಿಡುತ್ತೇನೆ. ಮುಳಬಾಗಿಲಿನಿಂದ ಕೋಲಾರಕ್ಕೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗೆ ನಮ್ಮ ಊರು. ಮನೆಯಲ್ಲಿ ಎರಡು ಮಗ್ಗ, ಹಿತ್ತಲಲ್ಲಿ ಕುರಿ. ಅಮ್ಮ ಮತ್ತು ನನ್ನ ಹೆಂಡತಿ ಉಣ್ಣೆ ನೂಲುತ್ತಿದ್ದರು, ಅಪ್ಪ ಒಂದು ಮಗ್ಗದಲ್ಲಿ, ನಾನೊಂದರಲ್ಲಿ. ನಾನು ಮುಳಬಾಗಿಲಿನಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿದವನು. ಊರಲ್ಲಿ ಯಾರಿಗೆ ಕಾಗದ ಬಂದರೂ ನಾನೇ ಓದಬೇಕು. ತಮ್ಮ ಎರಡನೇ ಕ್ಲಾಸಿನಲ್ಲಿ ಮೇಷ್ಟ್ರ ಏಟು ತಿಂದು ಓಡಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಕ್ಷರ ಬರುತ್ತಿತ್ತು, ಆದರೆ ಬರೆದರೆ ಸಾಲು ಏರುತ್ತಿತ್ತು, ಇಳಿಯುತ್ತಿತ್ತು. ಮಗ್ಗ ಕಲಿಸಿದವನೂ ನಾನೇ. "ಅಣ್ಣಾ, ಗಂಜಿ ಎಷ್ಟು ಗಟ್ಟಿ ಇರ್ಲಿ?" ಎಂದು ಕೇಳದೆ ಒಂದು ದಿನವೂ ಅವನು ಮಡಕೆಗೆ ಕೈ ಹಾಕಿದವನಲ್ಲ.

ಈ ಗಂಜಿಯ ವಿಷಯ ಮೊದಲೇ ಹೇಳಬೇಕು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ರುಬ್ಬಿ ಬೇಯಿಸಿದರೆ ಅಂಟು ಗಂಜಿಯಾಗುತ್ತದೆ. ಮಗ್ಗಕ್ಕೆ ಏರಿಸುವ ಉದ್ದ ನೂಲನ್ನು ಬೀದಿಯಲ್ಲಿ ಬಿಗಿದು ಕಟ್ಟಿ, ಅದಕ್ಕೆ ಈ ಗಂಜಿ ಬಳಿದು ಬಿಸಿಲಿಗೆ ಒಣಗಿಸುತ್ತೇವೆ. ಇಲ್ಲದಿದ್ದರೆ ಉಣ್ಣೆ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆಯವರು ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಬಳಿಯುತ್ತಿದ್ದೆವು. ಕೋಲಾರದ ಸಂತೆಯಲ್ಲಿ ಕಂಬಳಿ ಕೊಳ್ಳುವವನು ಮೊದಲು ಅದನ್ನು ನೆಲದ ಮೇಲೆ ನಿಲ್ಲಿಸಿ ನೋಡುತ್ತಾನೆ. ತಗಡಿನ ಹಾಗೆ ನಿಂತರೆ ಒಳ್ಳೆಯ ಕಂಬಳಿ. ನಮ್ಮದು ಒಣ ಸೀಮೆ. ಕೊಂಡವನು ನಾಲ್ಕು ದಿನ ಹೊದ್ದು, ಕೆರೆಯಲ್ಲಿ ಒಗೆದು, ಬಂಡೆ ಮೇಲೆ ಹರವಿದರೆ ಗಂಜಿಯೂ ಹೋಯಿತು, ಕಂಬಳಿಯೂ ಮೆತ್ತಗಾಯಿತು. ಯಾರಿಗೂ ಏನೂ ತೊಂದರೆಯಿಲ್ಲ.

ಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮುಂಚೆ, ಆ ಸಂತೆಯಲ್ಲೇ ನನಗೆ ಸಿಲೋನಿನ ಮನುಷ್ಯನೊಬ್ಬ ಸಿಕ್ಕ. ತೇಯಿಲೆ ತೋಟದ ಕೂಲಿಯಾಳುಗಳಿಗೆ ಮೇಸ್ತ್ರಿ, ಅವರ ಭಾಷೆಯಲ್ಲಿ ಕಂಗಾಣಿ. ಅರ್ಧ ತಮಿಳು ಅರ್ಧ ತೆಲುಗಿನಲ್ಲಿ ಮಾತಾಡುತ್ತಿದ್ದ. ನನ್ನ ಕಂಬಳಿಯನ್ನು ಮೂಸಿ, ತಟ್ಟಿ, ಹೆಗಲ ಮೇಲೆ ಹಾಕಿಕೊಂಡು ನೋಡಿ, ನಮ್ಮ ಬೆಟ್ಟದಲ್ಲಿ ಚಳಿ, ಮಳೆ, ವರ್ಷಕ್ಕೊಂದು ಕಂಬಳಿ ಇಲ್ಲದೆ ಆಳುಗಳು ಬದುಕುವುದಿಲ್ಲ, ಅಲ್ಲಿಗೇ ಬಂದು ಅಂಗಡಿ ಇಡಪ್ಪಾ, ತೋಟದ ದೊರೆಗೆ ನಾನು ಹೇಳುತ್ತೇನೆ ಎಂದ. ನನಗೆ ಹೇಳಿದ್ದು. ತಮ್ಮ ಆ ಹೊತ್ತಿನಲ್ಲಿ ಬೋಂಡಾ ತಿನ್ನುವುದಕ್ಕೆ ಹೋಗಿದ್ದ.

ಮನೆಗೆ ಬಂದು ಕುಣಿದಾಡಿದೆ. ಅಂಗಡಿಗೆ ಎಂಥ ಹಲಗೆ, ಎಂಥ ಬೋರ್ಡು, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಏನು ಬರೆಸಬೇಕು, ಎಲ್ಲವನ್ನೂ ಹೇಳಿದೆ. ತಮ್ಮ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತು ಬಾಯಿ ಬಿಟ್ಟುಕೊಂಡು ಕೇಳಿದ. ಆದರೆ ಬೆಳಗಾದ ಮೇಲೆ ನನಗೆ ಭಯ ಹತ್ತಿತು. ಸಮುದ್ರ ದಾಟಬೇಕು. ಅಲ್ಲಿ ಜ್ವರ ಬಂದರೆ ಯಾರಿದ್ದಾರೆ? ಭಯ ಎಂದು ಹೇಳಲು ಬಾಯಿ ಬರದೆ, "ಕುರುಡುಮಲೆ ಗಣಪನ ಹತ್ರ ಹೂ ಕೇಳಿ ಆಮೇಲೆ ಹೊರಡ್ತೀನಿ" ಎಂದೆ. ದೇವರ ಮೈಮೇಲೆ ಒದ್ದೆ ಹೂವಿನ ಎಸಳು ಅಂಟಿಸಿ ಕೂರುತ್ತಾರೆ. ಬಲಗಡೆಯದು ಬಿದ್ದರೆ ಹೋಗು ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು.

ಮೂರು ಮಂಗಳವಾರ ನಡೆದುಕೊಂಡು ಹೋದೆ. ಅಷ್ಟು ದೊಡ್ಡ ಗಣಪ, ಅವನ ಮುಂದೆ ಕುತ್ತಿಗೆ ನೋಯುವವರೆಗೆ ತಲೆಯೆತ್ತಿ ಕೂತೆ. ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಎಸಳು ಅಲ್ಲೇ ಒಣಗಿದವು. "ಇನ್ನೊಂದು ದಿನ ಬನ್ನಿ, ಸ್ವಾಮಿಗೆ ಮನಸ್ಸಿಲ್ಲ" ಎಂದರು ಪೂಜಾರಿಗಳು.

ಮೂರನೇ ಮಂಗಳವಾರ ಮನೆಗೆ ಬಂದರೆ ತಮ್ಮ ಒಂದು ಹೊರೆ ಕಂಬಳಿ ಕಟ್ಟಿಕೊಂಡು ಜಗಲಿಯ ಮೇಲೆ ನಿಂತಿದ್ದ. "ನೀನು ದೇವರ ಹತ್ರ ಮಾತಾಡ್ತಿರು ಅಣ್ಣ. ಅಷ್ಟರಲ್ಲಿ ನಾನು ಹೋಗಿ ಜಾಗ ನೋಡ್ಕೊಂಡು ಬರ್ತೀನಿ" ಎಂದ. "ಲೇ, ನೀನು ಹೂ ಕೇಳಿದ್ಯೇನ್ಲಾ?" ಎಂದೆ. "ನಂಗ್ಯಾಕೆ? ಬಂದ್ಮೇಲೆ ಒಂದು ತೆಂಗಿನಕಾಯಿ ಒಡೀತೀನಿ" ಎಂದು ನಕ್ಕ. ಅಪ್ಪ, ಅಮ್ಮ ಅವನನ್ನು ತಡೆಯುತ್ತಾರೆಂದು ಕಾದೆ. ಅಮ್ಮ ಹುರಿಹಿಟ್ಟಿನ ಗಂಟು ಕಟ್ಟಿ ಕೈಗೆ ಕೊಟ್ಟಳು. ಮಾಲೂರು ಸ್ಟೇಷನ್ನಿನ ಹತ್ತಿರ ನಮ್ಮ ಸೋದರಮಾವ ಇದ್ದ. ಅವನ ಮನೆಯಲ್ಲಿ ಒಂದು ದಿನ ಉಳಿದು, ರೈಲು ಹತ್ತಿ, ರಾಮೇಶ್ವರದ ಆಚೆ ಹಡಗು ಹತ್ತಿ ಹೋದ.

ಆರು ತಿಂಗಳಿಗೆ ಬಂತು ಕಾಗದ. ನಾನು ಊಟ ಬಿಟ್ಟದ್ದು ಅವತ್ತೇ.

ಅವನು ಬರೆದದ್ದನ್ನು ಮನೆಯವರಿಗೆಲ್ಲ ಓದಿ ಹೇಳಬೇಕಾದವನು ನಾನೇ! ಬೇರೆ ಯಾರಾದರೂ ಓದಿ, ನಾನು ಎದ್ದು ಹೊರಗೆ ಹೋಗುವ ಹಾಗಿದ್ದರೆ ಎಷ್ಟೋ ವಾಸಿ. ಹ್ಯಾಟನ್ ಎಂಬ ಊರಿನಲ್ಲಿ ಒಬ್ಬ ಸಾಬರ ದಿನಸಿ ಅಂಗಡಿಯ ಒಂದು ಮೂಲೆ ಹಿಡಿದಿದ್ದನಂತೆ. ಮೊದಲ ವಾರ ಯಾರೂ ಹತ್ತಿರ ಬರಲಿಲ್ಲವಂತೆ. ಆಮೇಲೆ ಒಂದು ದಿನ ಜೋರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ತೋಟದ ಆಳುಗಳು ಕೆಲಸ ಬಿಟ್ಟು ಇಳಿಯುವ ದಾರಿಯ ನಡುವೆ ಹೋಗಿ ಸುಮ್ಮನೆ ನಿಂತನಂತೆ. ಎಲ್ಲರೂ ಇಳಿದು ಬರುವ ತನಕ ನಿಂತಿದ್ದು, ಆಮೇಲೆ ಅವರ ಮುಂದೆ ಕೊಪ್ಪೆ ತೆಗೆದು ನೆನೆಯದ ತಲೆ ತೋರಿಸಿದನಂತೆ. ಮಾರನೇ ದಿನದಿಂದ ವ್ಯಾಪಾರ.

"ನೋಡಿದ್ಯಾ ಬುದ್ಧಿ!" ಎಂದು ಅಪ್ಪ ತೊಡೆ ತಟ್ಟಿಕೊಂಡ. ಎಂಥ ಬುದ್ಧಿ? ನಮ್ಮೂರ ಕುರಿ ಕಾಯುವವರೆಲ್ಲ ಮಳೆ ಬಂದರೆ ಹಾಗೇ ನಿಲ್ಲುತ್ತಾರೆ. ಯಾರಾದರೂ ಅವರನ್ನು ಹೊಗಳಿದ್ದಾರಾ? ಇವನು ಸಮುದ್ರದಾಚೆ ಹೋಗಿ ನಿಂತನಂತೆ, ಅದು ದೊಡ್ಡದಾಯಿತು.

ಆಮೇಲೆ ಶುರುವಾಯಿತು ನೋಡಿ. ನಮ್ಮ ಮನೆಗೆ ಸಿಲೋನಿನವರ ಮನೆ ಎಂದು ಹೆಸರು ಬಂತು. ಅಪ್ಪನಿಗೆ ಅವನು ಕಳಿಸಿದ ಛತ್ರಿ ಬಿಸಿಲಿದ್ದರೂ ಬೇಕು, ಇಲ್ಲದಿದ್ದರೂ ಬೇಕು. ಅಮ್ಮ ಬಂದವರಿಗೆಲ್ಲ ತೇಯಿಲೆ ಡಬ್ಬ ತೆಗೆದು ಮೂಸುವುದಕ್ಕೆ ಕೊಡುತ್ತಿದ್ದಳು, ಕುದಿಸಿ ಕೊಡುತ್ತಿರಲಿಲ್ಲ. ಮುಳಬಾಗಿಲಿನಲ್ಲಿ ಕಟಿಂಗ್ ಮಾಡುವವನು ಕೂಡ, "ಓ, ನೀವು ಸಿಲೋನಿನವರ ಅಣ್ಣ ಅಲ್ವಾ?" ಎಂದ. ಅವನು ಅಲ್ಲಿ ಮಾರುವ ಕಂಬಳಿ ನೆಯ್ದವನು ನಾನು. ಮೂಲೆಯಲ್ಲಿ ಒಂದು ಕೆಂಪು ನೂಲು ಹಾಕುವುದು ನನ್ನ ಗುರುತು. ಅದರಿಂದ ನನಗೆ ಬಂದ ಹೆಸರು ಅಣ್ಣ ಎಂಬುದೊಂದೇ. ನನಗೆ ಅವನು ಕಳಿಸಿದ್ದು ಗೆರೆಗೆರೆ ರೇಷ್ಮೆ ಅಂಚಿನ ಲುಂಗಿ. ಅದನ್ನು ಹರಿದು ಗಂಜಿ ಕುಂಚ ಒರೆಸಲು ಇಟ್ಟುಕೊಂಡೆ. "ಅಯ್ಯೋ, ಒಳ್ಳೇ ಬಟ್ಟೆ ಕಣ್ರೀ! ನಿಮ್ಗೇನು ಬಂದಿರೋದು?" ಎಂದು ನನ್ನ ಹೆಂಡತಿ ತಲೆ ಚಚ್ಚಿಕೊಂಡಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಎರಡು ವರ್ಷ ಹೀಗೆ ಕಳೆಯಿತು. ಆಮೇಲೆ ಒಂದು ದೊಡ್ಡ ಕಾಗದ ಬಂತು, ಎರಡು ಹಾಳೆ ತುಂಬ. ದೊಡ್ಡ ತೋಟವೊಂದರ ದೊರೆ ತನ್ನ ಎಲ್ಲ ಆಳುಗಳಿಗೂ ಇವನ ಹತ್ತಿರವೇ ಕಂಬಳಿ ಕೊಳ್ಳಲು ಒಪ್ಪಿದ್ದಾನೆ, ಮಳೆಗಾಲ ಹಿಡಿಯುವ ಮುಂಚೆ ಮುನ್ನೂರು ಕಂಬಳಿ ಬೇಕು. ಸಾಬರ ಮೂಲೆ ಬಿಟ್ಟು ಸ್ವಂತ ಮಳಿಗೆ ಹಿಡಿದಿದ್ದೇನೆ. ಇದೊಂದು ದಡ ಸೇರಿದರೆ ಅಣ್ಣನನ್ನೂ ಕರೆಸಿಕೊಳ್ಳುತ್ತೇನೆ.

ಕರೆಸಿಕೊಳ್ಳುತ್ತಾನಂತೆ! ಅವನ ಅಂಗಡಿಯಲ್ಲಿ ಕೂಲಿಗೆ. ಜಗಲಿಯ ಮೇಲೆ ಅಪ್ಪ, ಅಮ್ಮ, ನನ್ನ ಹೆಂಡತಿ ಎಲ್ಲ ಕೂತಿದ್ದರು. ನಾನು ನಿಂತು ಓದುತ್ತಿದ್ದೆ. ಎರಡನೇ ಹಾಳೆ ತಿರುಗಿಸಿದರೆ ಈ ಸಾಲು ಇತ್ತು: "ಅಣ್ಣನಿಗೆ ತಪ್ಪದೆ ಹೇಳಿ, ಗಂಜಿ ಬಹಳ ಕಮ್ಮಿ ಹಾಕಬೇಕು, ಇಲ್ಲಿ ಮಳೆ ಹಿಡಿದರೆ ಬಿಸಿಲೇ ಇಲ್ಲ, ಹೋದ ಸಲದ ಎರಡು ಕಂಬಳಿ ಬೂಷ್ಟು ಹಿಡಿದವು, ದೊರೆಗೆ ಮಾತು ಕೊಟ್ಟಿದ್ದೇನೆ, ಇದು ಕೆಟ್ಟರೆ ನನ್ನ ಅಂಗಡಿ ಉಳಿಯುವುದಿಲ್ಲ."

ಗಂಜಿ! ಅವನು ನನಗೆ ಗಂಜಿ ಹೇಳಿಕೊಡುತ್ತಾನೆ. ಮಡಕೆಗೆ ಕೈ ಹಾಕುವ ಮುಂಚೆ ನನ್ನನ್ನು ಕೇಳುತ್ತಿದ್ದವನು, ಅಪ್ಪನ ಮುಂದೆ, ನನ್ನ ಹೆಂಡತಿಯ ಮುಂದೆ, ನನ್ನ ಬಾಯಲ್ಲೇ ನನಗೆ ಪಾಠ ಹೇಳಿಸುತ್ತಾನೆ. ನನ್ನ ಕಣ್ಣು ಆ ಸಾಲಿನ ಮೇಲೆ ಹೋಯಿತು, ಬಾಯಿ ಅದರ ಮುಂದಿನ ಸಾಲಿಗೆ ಹೋಯಿತು. "ಎಲ್ಲರಿಗೂ ನಮಸ್ಕಾರ, ಕುರಿಗಳನ್ನು ಕೇಳಿದೆ ಎಂದು ಹೇಳಿ" ಎಂದು ಓದಿ ಮುಗಿಸಿದೆ.

"ಅಷ್ಟೇನಾ?" ಎಂದ ಅಪ್ಪ.

"ಅಷ್ಟೇ ನಾಯ್ನಾ" ಎಂದೆ. ನಮ್ಮ ಕಡೆ ಅಪ್ಪನನ್ನು ನಾಯ್ನಾ ಎಂದೇ ಕರೆಯುವುದು. ಕಾಗದವನ್ನು ಮಡಚಿ, ಹಳೆಯ ಕಾಗದಗಳೆಲ್ಲ ಇದ್ದ ಗೋಡೆಯ ತಂತಿಗೆ ಚುಚ್ಚಿದೆ.

ಆ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಮಗ್ಗ ನಿಂತದ್ದೇ ಇಲ್ಲ. ನೆಂಟರ ಮಗ್ಗಗಳಿಗೂ ನೂಲು ಕೊಟ್ಟೆವು. ಗಂಜಿ ಕಾಯಿಸುವುದು ಮಾತ್ರ ನನ್ನ ಕೈಯಲ್ಲಿ, ಎಲ್ಲರಿಗೂ ಇಲ್ಲಿಂದಲೇ. ನಾನು ಹೆಚ್ಚು ಹಾಕಲಿಲ್ಲ. ಯಾವಾಗಲೂ ಹಾಕುವಷ್ಟೇ ಹಾಕಿದೆ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದು ಬೆಳಿಗ್ಗೆ ನನ್ನ ಹೆಂಡತಿ ಮಡಕೆಯಲ್ಲಿ ಸೌಟು ತಿರುಗಿಸಿ, "ಅಲ್ಲಿ ಮಳೆ ಜಾಸ್ತಿ ಅಂತಾರೆ, ಇಷ್ಟು ಗಟ್ಟಿ ಬೇಕಾ?" ಎಂದಳು. ಅವಳಿಗೆ ಯಾರೂ ಹೇಳಿರಲಿಲ್ಲ, ಅವಳಿಗೇ ತೋಚಿತ್ತು. "ಗಟ್ಟಿ ಇದ್ರೇನೇ ಕಣೇ ಕಂಬಳಿ. ನಂಗೆ ಹೇಳ್ಕೊಡೋಕೆ ಬಂದ್ಲು" ಎಂದೆ. ಅವಳು ಸೌಟು ಕೊಟ್ಟು ಹೋದಳು. ನಾನು ಬಳಿದೆ.

ಗಾಡಿಯ ಮೇಲೆ ಕೋಲಾರ, ಅಲ್ಲಿಂದ ಮಾಲೂರು. ಮೂಟೆಗಳ ಜೊತೆ ನಾನೇ ಹೋದೆ. ಎಂಥ ಕಂಬಳಿಗಳು! ಒಂದೊಂದೂ ಹಲಗೆಯ ಹಾಗೆ ನಿಲ್ಲುತ್ತಿದ್ದವು. ಮಾಲೂರು ಸ್ಟೇಷನ್ನಿನಲ್ಲಿ ಮೂಟೆಗಳ ಮೇಲೆ ಕೂತು ರೈಲಿಗೆ ಕಾಯುವಾಗ ಮನಸ್ಸು ಸ್ವಲ್ಪ ಮೆತ್ತಗಾಯಿತು. ಒಂದು ಕಾರ್ಡು ಬರೆದರೆ ಸಾಕಿತ್ತು. ಮಾಲು ಬಂದ ತಕ್ಷಣ ಒಗೆದು ಗಂಜಿ ತೆಗೆ, ಬಿಸಿಲಿರುವಾಗಲೇ ಒಣಗಿಸು, ಎರಡು ಸಾಲು. ಪೋಸ್ಟಾಫೀಸು ಎದುರಿಗೇ ಇತ್ತು. ಎದ್ದೂ ನಿಂತಿದ್ದೆ.

ಅಷ್ಟರಲ್ಲಿ ಪಾರ್ಸೆಲ್ ಬರೆದುಕೊಳ್ಳುವವನು, "ಸಿಲೋನಿಗಾ? ಭೇಷ್! ಅಲ್ಲಿ ನಿಮ್ಮದು ಅಂಗಡಿನಾ?" ಎಂದ.

"ನನ್ ತಮ್ಮಂದು" ಎಂದೆ. ಹೇಳುವಾಗ ನಾಲಿಗೆ ಕಹಿಯಾಯಿತು. ಮತ್ತೆ ಮೂಟೆಯ ಮೇಲೆ ಕೂತುಬಿಟ್ಟೆ.

ಮಳೆಗಾಲವಿಡೀ ಕಾಗದವಿಲ್ಲ. ಅಪ್ಪ ದಿನವೂ ಛತ್ರಿ ಹಿಡಿದು ರಸ್ತೆಯವರೆಗೆ ಹೋಗಿ ಟಪಾಲಿನವನನ್ನು ಕೇಳಿ ಬರುತ್ತಿದ್ದ. ದೀಪಾವಳಿಯ ಹತ್ತಿರ ಒಂದು ಕಾರ್ಡು ಬಂತು: "ಮಾಲು ಕೆಟ್ಟಿತು. ಅಂಗಡಿ ಬಿಟ್ಟೆ. ಬರುತ್ತಿದ್ದೇನೆ." ನಾನೇ ಓದಿದೆ. ನಿಜ ಹೇಳುತ್ತೇನೆ, ಮೊದಲು ಖುಷಿಯಾಯಿತು. ಇನ್ನು ಮೇಲೆ ಯಾರೂ ನನ್ನನ್ನು ಸಿಲೋನಿನವರ ಅಣ್ಣ ಎನ್ನುವುದಿಲ್ಲ ಎಂದು ಖುಷಿಯಾಯಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದದ್ದು ಆಮೇಲೆ ಕಣ್ಣಿಗೆ ಬಿತ್ತು. ಕಾರ್ಡು ಅಲ್ಲೇ ಇಟ್ಟು ಹಿತ್ತಲಿಗೆ ಹೋದೆ.

ಒಂದು ಮಧ್ಯಾಹ್ನ ಬಂದ. ಮೂಳೆ ಚಕ್ಕಳವಾಗಿದ್ದ. ಕಾಲ ತುಂಬ ಜಿಗಣೆ ಕಚ್ಚಿದ ಕಲೆ. ಹೆಗಲ ಮೇಲೆ ಒಂದೇ ಒಂದು ಕಂಬಳಿ, ಅದರ ಮೂಲೆಯಲ್ಲಿ ನನ್ನ ಕೆಂಪು ನೂಲು. ಕಂಬಳಿಯ ಮೈಯೆಲ್ಲ ಬಿಳಿ ಬಿಳಿ ಮಚ್ಚೆ, ಹತ್ತಿರ ಹೋದರೆ ಹಳಸಿದ ನಾತ. ಅವನು ಬಂದನೆಂದು ಕೇಳಿ ಊರವರೆಲ್ಲ ಜಗಲಿಗೆ ಬಂದು ಕೂತರು. ನೋಡಿ ನನ್ನ ಹಣೆಬರಹ, ಅಂಗಡಿ ಮುಳುಗಿಸಿಕೊಂಡು ಬಂದರೂ ಜನ ಅವನ ಸುತ್ತಲೇ!

ಅವನು ಹೇಳಿದ. ಮೂಟೆ ಬಂದಾಗಲೇ ಮಳೆ ಹಿಡಿದಿತ್ತು. ಬಿಚ್ಚಿ ನೋಡಿದರೆ ಗಂಜಿ. ಒಗೆಯಲು ನೀರು ಬೇಕಾದಷ್ಟು, ಒಣಗಿಸಲು ಒಂದು ಗಳಿಗೆ ಬಿಸಿಲಿಲ್ಲ. ಒಲೆ ಹೊತ್ತಿಸಿ ಹೊಗೆಯಲ್ಲಿ ಒಂದೊಂದಾಗಿ ಒಣಗಿಸಲು ನೋಡಿದ. ಹತ್ತಿಪ್ಪತ್ತು ಒಣಗುವುದರಲ್ಲಿ ಉಳಿದದ್ದು ಲೋಳೆಯಾಯಿತು, ಹುಳ ಬಿತ್ತು. ದೊರೆ ಬಂದು ಮೂಗು ಮುಚ್ಚಿಕೊಂಡು ಬೆತ್ತದಲ್ಲಿ ಎತ್ತಿ ನೋಡಿ ಹೋದ. ಅಲ್ಲಿಗೆ ಮುಗಿಯಿತು.

ಅಪ್ಪ ಒಮ್ಮೆಲೇ ರೇಗಿದ. "ಅಲ್ವೋ, ಮೂರು ವರ್ಷ ಅಲ್ಲಿದ್ದೆ. ಗಂಜಿ ಕೊಳೆಯುತ್ತೆ ಅಂತ ನಿಂಗೆ ಗೊತ್ತಾಗ್ಲಿಲ್ವಾ? ಒಂದು ಮಾತು ಬರೀಬಾರ್ದಾ? ನಾವು ನಾಲ್ಕು ತಿಂಗಳು ಸತ್ತು ನೆಯ್ದ್ವಲ್ಲೋ!"

ತಮ್ಮ ತಲೆಯೆತ್ತಿ ನನ್ನ ಕಡೆ ನೋಡಿದ. ಸಿಟ್ಟಿನ ನೋಟವಲ್ಲ. ಏನಾಯಿತು ಎಂದು ಕೇಳುವ ನೋಟ. ನಾನು ಕಂಬದ ಕಡೆ ಮುಖ ತಿರುಗಿಸಿದೆ. ಅವನಿಗೆ ತಿಳಿಯಲು ಅಷ್ಟು ಸಾಕಾಯಿತು.

ಅಪ್ಪ ಎದ್ದು ಹೋಗಿ ತಂತಿಯಿಂದ ಆ ಎರಡು ಹಾಳೆಯ ಕಾಗದವನ್ನೇ ಕಿತ್ತು ತಂದ. ಓದಲು ಬರದಿದ್ದರೂ ದೊಡ್ಡ ಕಾಗದ ಯಾವುದೆಂದು ಗೊತ್ತಿತ್ತು. ಅದನ್ನು ತಮ್ಮನ ಮುಖಕ್ಕೆ ಹಿಡಿದು, "ಓದು. ಊರೆಲ್ಲ ಕೇಳ್ಲಿ. ಎಲ್ಲಿ ಬರ್ದಿದ್ಯಾ ತೋರ್ಸು" ಎಂದ.

ನನ್ನ ಹೆಂಡತಿ ಬಾಗಿಲ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಗಂಜಿ ಮಡಕೆಯ ಮುಂದೆ ನಾನು ಅವಳಿಗೆ ಆಡಿದ ಮಾತು ಅವಳಿಗೆ ನೆನಪಿತ್ತೆಂದು ಕಾಣುತ್ತದೆ. ತಮ್ಮ ಕಾಗದ ಬಿಡಿಸಿದ. ತಾನೇ ಬರೆದದ್ದಾದರೂ ಅವನಿಗೆ ಓದುವುದು ಕಷ್ಟ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತಡವರಿಸುತ್ತಾ ಓದಿದ. ದೊರೆ ಒಪ್ಪಿದ್ದು, ಮುನ್ನೂರು ಕಂಬಳಿ, ಸ್ವಂತ ಮಳಿಗೆ. "ಅಣ್ಣನನ್ನೂ ಕರೆಸಿಕೊಳ್ಳುತ್ತೇನೆ" ಎನ್ನುವುದನ್ನೂ ಓದಿದ. ಎರಡನೇ ಹಾಳೆ ತಿರುಗಿಸಿದ. ನನಗೆ ಆ ಸಾಲು ಬಾಯಿಪಾಠವಾಗಿತ್ತು. ಅವನ ಬೆರಳು ಅದರ ಮೊದಲ ಅಕ್ಷರದ ಮೇಲೆ ನಿಂತದ್ದನ್ನು ಕಂಡೆ. ಬೆರಳು ಕೆಳಗೆ ಜಾರಿತು.

"ಎಲ್ಲರಿಗೂ ನಮಸ್ಕಾರ, ಕುರಿಗಳನ್ನು ಕೇಳಿದೆ ಎಂದು ಹೇಳಿ" ಎಂದು ಓದಿದ. ಇಷ್ಟೂ ಕಾಗದದಲ್ಲಿ ತಡವರಿಸದೆ ಓದಿದ್ದು ಅದೊಂದೇ. ಕಾಗದ ಮಡಚಿ, "ಬರೀಬೇಕಿತ್ತು ನಾಯ್ನಾ. ಮರ್ತೋಯ್ತು" ಎಂದ.

ಅಪ್ಪ ಅವನನ್ನು ಬಾಯಿಗೆ ಬಂದ ಹಾಗೆ ಬೈದ. ವ್ಯಾಪಾರ ಮಾಡೋಕೆ ಹೋದ್ನಂತೆ ದಡ್ಡ, ಅಣ್ಣನಿಗಿರೋ ವಿದ್ಯೆಯಲ್ಲಿ ಕಾಲು ಭಾಗ ಇದ್ದಿದ್ರೆ ಹಿಂಗಾಗ್ತಿತ್ತಾ ಎಂದ. ಊರವರೂ ತಲೆಯಾಡಿಸಿದರು. ಈ ಮಾತು ಕೇಳಬೇಕೆಂದು ನಾನು ಮೂರು ವರ್ಷ ಕಾದಿದ್ದೆ. ಕೇಳಿದೆ. ಆಗಲೂ, ದೇವರಾಣೆಗೂ, ನನಗೆ ಅವನ ಮೇಲೆ ಹೊಟ್ಟೆಕಿಚ್ಚೇ ಆಯಿತು. ಅಂಗಡಿ ಹೋದರೆ ಇನ್ನೊಂದು ಇಡಬಹುದು. ಅವನು ಈಗ ಮಾಡಿದ್ದನ್ನು ನಾನು ಏಳು ಜನ್ಮ ಎತ್ತಿದರೂ ಮಾಡಲಾರೆ ಎಂದು ಅಲ್ಲೇ, ಆ ಕಂಬದ ಪಕ್ಕದಲ್ಲೇ ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವನು ಯಾರೂ ಕರೆಯದೆಯೇ ಎದ್ದು ಬಂದು ಬೀದಿಯಲ್ಲಿ ನೂಲು ಬಿಗಿದು ಕಟ್ಟಿದ. ಒಲೆಯ ಮೇಲೆ ಮಡಕೆ ಇಟ್ಟ. ನಾನು ಕುಂಚ ಹಿಡಿದು ಬಂದಾಗ ಸೌಟು ಕೈಯಲ್ಲಿ ಹಿಡಿದು ನಿಂತಿದ್ದ. ಕುಂಚ ಒರೆಸಲು ನಾನಿಟ್ಟುಕೊಂಡಿದ್ದ ಗೆರೆಗೆರೆ ಬಟ್ಟೆ ಅವನ ಕಾಲ ಹತ್ತಿರವೇ ಬಿದ್ದಿತ್ತು. ಅದರ ರೇಷ್ಮೆ ಅಂಚು ಇನ್ನೂ ಮಾಸಿರಲಿಲ್ಲ. ನೋಡಿದನೋ ಇಲ್ಲವೋ, ಅದರ ಮಾತೆತ್ತಲಿಲ್ಲ.

"ಅಣ್ಣಾ, ಗಂಜಿ ಎಷ್ಟು ಗಟ್ಟಿ ಇರ್ಲಿ?" ಎಂದು ಕೇಳಿದ.

ಚುಚ್ಚಿ ಕೇಳಿದನೋ, ಹಿಂದಿನ ಅಭ್ಯಾಸದಲ್ಲಿ ಕೇಳಿದನೋ, ಇಂದಿಗೂ ನನಗೆ ತಿಳಿಯದು. ಒಲೆಯ ಹೊಗೆ ಕಣ್ಣಿಗೆ ಹೋಗಿದೆಯೆಂದು ಉಜ್ಜಿಕೊಂಡೆ.

"ಕಮ್ಮಿ ಹಾಕು" ಎಂದೆ. ಒಂದು ವರ್ಷದ ಹಿಂದೆ ಅದೇ ಜಗಲಿಯ ಮೇಲೆ ನಿಂತು ಓದಬೇಕಾಗಿದ್ದ ಮಾತು.